ಬಚ್ಚಲ ಹಂಡೆಗೂ ಅಡಿಕೆ ಒಲೆಗೂ ಹೊಗೆಯಿಲ್ಲದ ಉರಿ

ಮಲೆನಾಡಿನ ಅಡಿಕೆ ಬೆಳೆಗಾರನ ಮನೆಯಲ್ಲಿ ಬಚ್ಚಲ ಹಂಡೆಯ ಒಲೆ ವರ್ಷವಿಡೀ ಉರಿಯುತ್ತದೆ. ಕೊನೆ ಕೊಯ್ಲು ಆರಂಭವಾದ ಮೇಲೆ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯೂ ಅದರ ಜೊತೆಗೆ ಸೇರುತ್ತದೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದಂದಿನಿಂದ ಹಳ್ಳಿಗಳ ಅಡಿಗೆಮನೆಗಳಿಗೆ ಗ್ಯಾಸ್ ಸಂಪರ್ಕ ಬಹಳಷ್ಟು ಹೆಚ್ಚಿದೆ. ಆದರೆ ಬಚ್ಚಲಿಗೂ ಅಂಗಳಕ್ಕೂ ಗ್ಯಾಸ್ ಅಷ್ಟಾಗಿ ಬಂದಿಲ್ಲ. ಈ ಎರಡೂ ಕಡೆ ಇಂದಿಗೂ ಸೌದೆಯೇ ಮುಖ್ಯ ಉರುವಲು. ಅಡಿಗೆಗೆ ಬೇಕಾದ ಶಾಖಕ್ಕಿಂತ ಸ್ನಾನದ ನೀರಿಗೂ ಅಡಿಕೆ ಬೇಯಿಸುವುದಕ್ಕೂ ಬೇಕಾದ ಶಾಖ ಅನೇಕ ಮನೆಗಳಲ್ಲಿ ಹೆಚ್ಚು.

ಈ ಸೌದೆ ಬರುವುದು ಬೇಣ, ಬೆಟ್ಟ ಮತ್ತು ಕಾಡಿನ ಅಂಚಿನಿಂದ. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸೌಲಭ್ಯ ಹಿಂದಿನಿಂದ ನಡೆದು ಬಂದಿದೆ. ತೋಟಕ್ಕೆ ಸೊಪ್ಪು ಕೊಡಬೇಕಾದ ಮರದ ಕೊಂಬೆಯೇ ಒಲೆಗೆ ಹೋದರೆ ಮುಂದಿನ ವರ್ಷ ತೋಟದ ಗೊಬ್ಬರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇನ್ನು ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕುಳಿತು ಊದುವವರು ಮನೆಯ ಹೆಣ್ಣುಮಕ್ಕಳು. ಹೊಗೆ ಹೋಗುವುದು ಅವರ ಕಣ್ಣಿಗೆ ಮತ್ತು ಎದೆಗೆ. ಆದುದರಿಂದ ಒಲೆಯ ಸುಧಾರಣೆ ಸೌದೆ ಉಳಿತಾಯದ ಪ್ರಶ್ನೆ ಮಾತ್ರವಲ್ಲ. ತೋಟದ ಫಲವತ್ತತೆ ಮತ್ತು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಸೌದೆ ಉರಿಯುವ ಬಗೆ

ಸೌದೆಗೆ ಬೆಂಕಿ ತಗುಲಿದಾಗ ಮೂರು ಹಂತಗಳಲ್ಲಿ ಬದಲಾವಣೆ ನಡೆಯುತ್ತದೆ. ಮೊದಲು ಅದರಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಅನಂತರ ಮರ ಬಿಸಿಯಾಗಿ ಉರಿಯುವ ಅನಿಲಗಳನ್ನು ಬಿಡುತ್ತದೆ. ಒಣ ಮರದ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೀಗೆ ಅನಿಲವಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಜ್ವಾಲೆಯೆಂದರೆ ಈ ಅನಿಲ ಉರಿಯುವುದೇ. ಕೊನೆಯಲ್ಲಿ ಉಳಿದ ಕೆಂಡ ನಿಧಾನವಾಗಿ ಉರಿದು ಬೂದಿಯಾಗುತ್ತದೆ.

ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಎರಡನೆಯ ಹಂತದ ಅನಿಲದಲ್ಲಿ. ಒಲೆಯೊಳಗೆ ಸಾಕಷ್ಟು ಕಾವು ಮತ್ತು ಗಾಳಿ ಇದ್ದರೆ ಆ ಅನಿಲ ಅಲ್ಲಿಯೇ ಉರಿದು ಹಂಡೆಗೆ ಶಾಖ ಕೊಡುತ್ತದೆ. ಇಲ್ಲವಾದರೆ ಅದೇ ಅನಿಲ ಹೊಗೆಯಾಗಿ ಹೊರಗೆ ಹೋಗುತ್ತದೆ. ಹೊಗೆ ಎಂದರೆ ಉರಿಯದೆ ಉಳಿದ ಸೌದೆ. ಈ ಒಂದು ವಿಷಯ ಮನದಟ್ಟಾದರೆ ಮುಂದೆ ಹೇಳುವ ಎಲ್ಲ ಸೂಚನೆಗಳ ಕಾರಣವೂ ತಾನಾಗಿಯೇ ತಿಳಿಯುತ್ತದೆ.

ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ, ಅಂದರೆ ಸುಮಾರು 5 ಘನ ಮೀಟರ್ ಗಾಳಿ ಬೇಕು. ಒಲೆಯಲ್ಲಿ ಗಾಳಿ ಮತ್ತು ಅನಿಲ ಚೆನ್ನಾಗಿ ಬೆರೆಯದ ಕಾರಣ ವಾಸ್ತವದಲ್ಲಿ ಇದರ ಒಂದೂವರೆಯಿಂದ ಎರಡು ಪಟ್ಟು ಗಾಳಿ ಬೇಕಾಗುತ್ತದೆ. ನೆಲದ ಮೇಲೆ ಬೂದಿಯಲ್ಲಿ ಹೂತ ಸೌದೆಗೆ ಇಷ್ಟು ಗಾಳಿ ಕೆಳಗಿನಿಂದ ಸಿಗುವುದಿಲ್ಲ. ಊದುಕೊಳವೆಯಿಂದ ಊದುವುದೂ ತಾತ್ಕಾಲಿಕ ಪರಿಹಾರವೇ ಹೊರತು ಒಲೆಯ ದೋಷವನ್ನು ಸರಿಪಡಿಸುವುದಿಲ್ಲ.

ಮೊದಲ ಕೆಲಸ: ಸೌದೆ ಒಣಗಿಸುವುದು

ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಗಾಳಿಗೆ ಒಣಗಿದ ಸೌದೆಯಲ್ಲಿ ಶೇಕಡ 15ರಿಂದ 20ರಷ್ಟು ನೀರು ಉಳಿಯುತ್ತದೆ. ಒಣಗಿದ ಒಂದು ಕಿಲೋ ಸೌದೆಯಿಂದ ಸುಮಾರು 3,500 ಕಿಲೋ ಕ್ಯಾಲೊರಿ ಶಾಖ ದೊರೆಯುತ್ತದೆ. ಅರ್ಧ ನೀರಿರುವ ಹಸಿ ಸೌದೆಯ ಒಂದು ಕಿಲೋದಿಂದ ದೊರೆಯುವುದು ಸುಮಾರು 1,900 ಕಿಲೋ ಕ್ಯಾಲೊರಿ ಮಾತ್ರ.

ಹಸಿ ಸೌದೆ ತೂಕದಲ್ಲಿ ಹೆಚ್ಚಿರುವುದರಿಂದ ಈ ಅಂತರ ತೋರಿಕೆಯದಷ್ಟೇ ಎಂದು ಕೆಲವರು ವಾದಿಸಬಹುದು. ಅದರಲ್ಲಿ ಸ್ವಲ್ಪ ನಿಜವಿದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 600 ಕಿಲೋ ಕ್ಯಾಲೊರಿ ಸಾಕು. ಕೇವಲ ಆ ಲೆಕ್ಕದಿಂದ ಆಗುವ ನಷ್ಟ ಅಷ್ಟು ದೊಡ್ಡದಲ್ಲ. ನಿಜವಾದ ನಷ್ಟ ಬೇರೆ ಇದೆ. ಹಸಿ ಸೌದೆ ಹಾಕಿದಾಗ ಒಲೆಯ ಒಳಗಿನ ಕಾವು ಇಳಿಯುತ್ತದೆ. ಕಾವು ಇಳಿದಾಗ ಅನಿಲ ಹೊತ್ತಿಕೊಳ್ಳುವುದಿಲ್ಲ, ಹೊಗೆಯಾಗುತ್ತದೆ. ಅದೇ ಹೊಗೆ ತಣ್ಣನೆಯ ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಹೀಗಾಗಿ ಎಷ್ಟೇ ಒಳ್ಳೆಯ ಒಲೆ ಕಟ್ಟಿದರೂ ಹಸಿ ಸೌದೆ ಹಾಕಿದರೆ ಪ್ರಯೋಜನವಿಲ್ಲ.

ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಬರುವುದು ಮಳೆಗಾಲದ ಬೆನ್ನಿಗೇ. ಅಕ್ಟೋಬರ್ ತಿಂಗಳಿನಲ್ಲಿ ಸೌದೆ ಹುಡುಕಿದರೆ ಸಿಗುವುದು ನೆನೆದ ಸೌದೆಯೇ. ಆದ್ದರಿಂದ ಈ ಕ್ರಮವನ್ನು ಅನುಸರಿಸಬೇಕು:

1. ಜನವರಿಯಿಂದ ಮಾರ್ಚ್‌ವರೆಗೆ ಸೌದೆ ಸಂಗ್ರಹಿಸಿ, ಒಲೆಯ ಬಾಯಿಗೆ ತಕ್ಕ ಉದ್ದಕ್ಕೆ ಕಡಿದು, 5ರಿಂದ 8 ಸೆಂ.ಮೀ. ದಪ್ಪಕ್ಕೆ ಸೀಳಬೇಕು. ಸೀಳದ ದಿಮ್ಮಿಯ ತಿರುಳು ಬೇಸಿಗೆಯಿಡೀ ಬಿಸಿಲಿಗಿಟ್ಟರೂ ಒಣಗುವುದಿಲ್ಲ.

2. ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಅಡ್ಡ ಗಳುಗಳ ಮೇಲೆ, ನಡುವೆ ಗಾಳಿಯಾಡುವಂತೆ ಜೋಡಿಸಬೇಕು.

3. ಮೇ ತಿಂಗಳ ಕೊನೆಯೊಳಗೆ ಮಾಡಿನ ಕೆಳಗೆ ಸೇರಿಸಬೇಕು. ಮಾಡಿನ ಪಕ್ಕಗಳು ತೆರೆದಿರಲಿ. ಮಳೆಯ ಇರಚಲು ಬೀಳುವ ಕಡೆ ಮಾತ್ರ ತಟ್ಟಿ ಕಟ್ಟಿದರೆ ಸಾಕು.

4. ರಾಶಿಯ ನಡುವಿನ ನಾಲ್ಕಾರು ತುಂಡುಗಳಿಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಕ ನೋಡಬೇಕು. ತೂಕ ಇಳಿಯುವುದು ನಿಂತರೆ ಸೌದೆ ಗಾಳಿಗೆ ಒಣಗಿದೆ ಎಂದರ್ಥ. ಎರಡು ತುಂಡುಗಳನ್ನು ಬಡಿದಾಗ ಟಣ್ ಎಂಬ ಸದ್ದು ಬರುವುದು, ತುದಿಗಳಲ್ಲಿ ಬಿರುಕು ಕಾಣುವುದು ಸಹ ಒಣಗಿದ ಲಕ್ಷಣಗಳು.

ಈ ಕೆಲಸಕ್ಕೆ ಹಣದ ಖರ್ಚು ಬಹಳ ಕಡಿಮೆ. ಹೊಸ ಒಲೆ ಕಟ್ಟಲಾಗದ ರೈತರೂ ಇದೇ ವರ್ಷದಿಂದ ಇದನ್ನು ಆರಂಭಿಸಬಹುದು.

ಈಗಿರುವ ಒಲೆಯ ಪರೀಕ್ಷೆ

ಹೊಸ ಒಲೆ ಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು ಹಳೆಯ ಒಲೆ ಎಷ್ಟು ಶಾಖವನ್ನು ನೀರಿಗೆ ಕೊಡುತ್ತಿದೆ ಎಂದು ತಿಳಿಯಬೇಕು. ಇದಕ್ಕೆ ಒಂದು ತಕ್ಕಡಿ, ಅಳತೆಯ ಕೊಡ ಮತ್ತು ಥರ್ಮಾಮೀಟರ್ ಸಾಕು. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಆಗದು. 100 ಡಿಗ್ರಿವರೆಗೆ ತೋರಿಸುವುದು ಬೇಕು.

ಹಂಡೆಗೆ ಅಳೆದು ನೀರು ತುಂಬಿ, ಅದರ ಉಷ್ಣತೆ ಬರೆದಿಡಬೇಕು. 10 ಕಿಲೋ ಒಣ ಸೌದೆ ತೂಗಿಟ್ಟುಕೊಂಡು ಎಂದಿನಂತೆ ಉರಿ ಹಾಕಬೇಕು. ನೀರು ಕಾದ ಮೇಲೆ ಚೆನ್ನಾಗಿ ಕದಡಿ ಉಷ್ಣತೆ ನೋಡಿ, ಉಳಿದ ಸೌದೆಯನ್ನು ತೂಗಬೇಕು. ಅನಂತರ ಲೆಕ್ಕ ಹೀಗೆ: ನೀರಿನ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿದರೆ ನೀರು ಪಡೆದ ಶಾಖ ಕಿಲೋ ಕ್ಯಾಲೊರಿಗಳಲ್ಲಿ ಸಿಗುತ್ತದೆ. ಉರಿದ ಸೌದೆಯ ಕಿಲೋವನ್ನು 3,500ರಿಂದ ಗುಣಿಸಿದರೆ ಸೌದೆ ಕೊಟ್ಟ ಶಾಖ ಸಿಗುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ಒಲೆಯ ದಕ್ಷತೆ ಶೇಕಡಾವಾರು ದೊರೆಯುತ್ತದೆ.

ಉದಾಹರಣೆಗೆ, 80 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಲು 6 ಕಿಲೋ ಸೌದೆ ಉರಿದಿದೆ ಎಂದುಕೊಳ್ಳೋಣ. ನೀರು ಪಡೆದದ್ದು 3,200; ಸೌದೆಯಲ್ಲಿದ್ದದ್ದು 21,000. ದಕ್ಷತೆ ಶೇಕಡ 15. ಅಂದರೆ ನೂರರಲ್ಲಿ 85 ಪಾಲು ಶಾಖ ಹೊಗೆಯಲ್ಲಿ, ಬಿಸಿ ಗಾಳಿಯಲ್ಲಿ ಮತ್ತು ಒಲೆಯ ಗೋಡೆಯಲ್ಲಿ ಕಳೆದುಹೋಯಿತು. ಇದೇ ಒಲೆಯಲ್ಲಿ ದಿನಕ್ಕೆ 100 ಲೀಟರ್ ನೀರನ್ನು 40 ಡಿಗ್ರಿ ಏರಿಸಲು 7.6 ಕಿಲೋ ಸೌದೆ ಬೇಕು. ಒಲೆಯ ದಕ್ಷತೆ ಶೇಕಡ 35ಕ್ಕೆ ಏರಿದರೆ 3.3 ಕಿಲೋ ಸಾಕು. ದಿನಕ್ಕೆ 4.3 ಕಿಲೋ ಉಳಿತಾಯವೆಂದರೆ ವರ್ಷಕ್ಕೆ ಒಂದೂವರೆ ಟನ್ನಿಗೂ ಮೇಲೆ. ಪ್ರತಿಯೊಬ್ಬ ರೈತನೂ ತನ್ನ ಮನೆಯ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿಕೊಳ್ಳಬೇಕು.

ಹಿಂದಿನ ಅನುಭವದ ಪಾಠ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆಯ ಹೆಸರನ್ನು ಕರ್ನಾಟಕದ ಹಳ್ಳಿಗಳು ಬಲ್ಲವು. ಜಾಲರಿಯ ಮೇಲೆ ಉರಿ, ಮುಚ್ಚಿದ ಉರಿಗೂಡು, ಒಂದರ ಹಿಂದೆ ಒಂದು ಪಾತ್ರೆ ಮತ್ತು ಚಿಮಣಿ, ಇವು ಅದರ ಮುಖ್ಯ ಲಕ್ಷಣಗಳು. ಅದೇ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ದೇಶದಾದ್ಯಂತ ಲಕ್ಷಾಂತರ ಒಲೆಗಳು ನಿರ್ಮಾಣವಾದವು. ಆದರೆ ಅನೇಕ ಮನೆಗಳಲ್ಲಿ ಅವು ಬಹುಕಾಲ ಬಾಳಲಿಲ್ಲ.

ಕಾರಣಗಳು ಸರಳ. ಪಾತ್ರೆಗೂ ಒಲೆಯ ಕಣ್ಣಿಗೂ ಹೊಂದಿಕೆ ಇರಲಿಲ್ಲ. ಚಿಮಣಿಯ ಮಸಿ ತೆಗೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ದಪ್ಪ ಸೌದೆ ಹಿಡಿಸಲೆಂದು ಮನೆಯವರು ಒಲೆಯ ಬಾಯಿಯನ್ನು ಒಡೆದು ಅಗಲಿಸಿದರು. ಅದರಿಂದ ಬೇಡದ ತಣ್ಣನೆಯ ಗಾಳಿ ನುಗ್ಗಿ ಉಳಿತಾಯವೆಲ್ಲ ಹೋಯಿತು. ಒಲೆಯನ್ನು ಬಳಸುವವರನ್ನು ಕೇಳದೆ ಒಲೆ ಕಟ್ಟಿದ್ದೇ ಇವೆಲ್ಲದರ ಮೂಲ. ಆದುದರಿಂದ ಒಲೆಯ ಎತ್ತರ, ಬಾಯಿಯ ದಿಕ್ಕು, ಕೂರುವ ಜಾಗ ಇವುಗಳನ್ನು ದಿನವೂ ಉರಿ ಹಾಕುವ ಹೆಣ್ಣುಮಕ್ಕಳೊಡನೆ ಚರ್ಚಿಸಿಯೇ ಗುರುತು ಹಾಕಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಂಡೆ ಒಲೆಯ ಅಳತೆಗಳು

80ರಿಂದ 100 ಲೀಟರಿನ ತಾಮ್ರದ ಹಂಡೆಗೆ, ಗಂಟೆಗೆ 4ರಿಂದ 5 ಕಿಲೋ ಸೌದೆ ಉರಿಸುವ ಒಲೆಗೆ ಈ ಕೆಳಗಿನ ಅಳತೆಗಳು ಹೊಂದುತ್ತವೆ.

ಜಾಲರಿ: 20 ಸೆಂ.ಮೀ. ಚೌಕದ ಬೀಡುಕಬ್ಬಿಣದ ಜಾಲರಿ. ಅದು ದೊರೆಯದಿದ್ದರೆ 12 ಮಿ.ಮೀ. ಸಲಾಕೆಗಳನ್ನು ಒಂದು ಸೆಂ.ಮೀ. ಅಂತರದಲ್ಲಿ ಜೋಡಿಸಬಹುದು. ಬೂದಿ ಕೆಳಗೆ ಉದುರಬೇಕು, ಕೆಂಡ ಮೇಲೆ ನಿಲ್ಲಬೇಕು.

ಬೂದಿಗುಂಡಿ: ಜಾಲರಿಯ ಕೆಳಗೆ 15 ಸೆಂ.ಮೀ. ಆಳ. ಇದರ ಬಾಯಿಯೇ ಗಾಳಿಯ ದಾರಿ. ಬೂದಿ ತುಂಬಿ ಇದು ಮುಚ್ಚಿಹೋಗಬಾರದು.

ಒಲೆಯ ಬಾಯಿ: 18 ಸೆಂ.ಮೀ. ಚೌಕ. ಅದಕ್ಕೆ ಕಬ್ಬಿಣದ ತಗಡಿನ ಬಾಗಿಲು ಇರಬೇಕು. ಬಾಗಿಲಲ್ಲಿ ಎರಡು ಮೂರು ಸಣ್ಣ ತೂತುಗಳಿರಲಿ; ಜಾಲರಿಯ ಮೇಲೆ ಏಳುವ ಅನಿಲ ಉರಿಯಲು ಈ ಮೇಲುಗಾಳಿ ಬೇಕು.

ಉರಿಗೂಡು: ಜಾಲರಿಯಿಂದ ಹಂಡೆಯ ತಳಕ್ಕೆ 20ರಿಂದ 25 ಸೆಂ.ಮೀ. ಇದಕ್ಕಿಂತ ಕಡಿಮೆಯಾದರೆ ಜ್ವಾಲೆ ತಣ್ಣನೆಯ ತಳಕ್ಕೆ ಬಡಿದು ಮಸಿಯಾಗುತ್ತದೆ. ಬಹಳ ಹೆಚ್ಚಾದರೆ ಶಾಖ ಗೋಡೆಗೆ ಹೋಗುತ್ತದೆ.

ಹಂಡೆಯ ಸುತ್ತಿನ ಸಂದು: ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ನಡುವೆ ಸುಮಾರು 2 ಸೆಂ.ಮೀ., ಅಂದರೆ ಹೆಬ್ಬೆರಳಿನ ದಪ್ಪದ ಸಂದು. ಬಿಸಿ ಗಾಳಿ ತಳದಿಂದ ಎದ್ದು ಈ ಸಂದಿನಲ್ಲಿ ಹಂಡೆಯನ್ನು ಒರೆಸಿಕೊಂಡು ಹೋದಾಗಲೇ ಶಾಖ ನೀರಿಗೆ ಸೇರುತ್ತದೆ. ಹಳೆಯ ಒಲೆಗಳ ದೊಡ್ಡ ದೋಷವೇ ಇಲ್ಲಿದೆ: ಸಂದು ಒಂದು ಕಡೆ ಒಂದು ಗೇಣು, ಇನ್ನೊಂದು ಕಡೆ ಹಂಡೆ ಗೋಡೆಗೇ ತಾಗಿರುತ್ತದೆ. ಮೇಲೆ ಹಂಡೆಯ ಸುತ್ತ ಮಣ್ಣಿನಿಂದ ಬಿಗಿಯಾಗಿ ಮುಚ್ಚಬೇಕು.

ಚಿಮಣಿ: 10 ಸೆಂ.ಮೀ. ಒಳ ಅಗಲ, 3ರಿಂದ 3.5 ಮೀಟರ್ ಎತ್ತರ. ಒಲೆಯ ಬಾಯಿಗೆ ಎದುರು ಬದಿಯಲ್ಲಿ, ಸಂದಿನ ಮೇಲ್ಭಾಗದಿಂದ ಹೊರಡಬೇಕು. ತುದಿ ಮಾಡಿನ ನೆತ್ತಿಗಿಂತ 60 ಸೆಂ.ಮೀ. ಮೇಲಿರಬೇಕು. ಹಿಂದೆ ಬಳಸುತ್ತಿದ್ದ ಕಲ್ನಾರಿನ ಕೊಳವೆ ಆರೋಗ್ಯಕ್ಕೆ ಹಾನಿಕರವಾದುದರಿಂದ ಅದನ್ನು ಬಿಟ್ಟು ಸುಟ್ಟ ಮಣ್ಣಿನ ಅಥವಾ ತಗಡಿನ ಕೊಳವೆ ಹಾಕಬೇಕು. ಮಳೆನೀರು ಇಳಿಯದಂತೆ ಟೋಪಿ ಅವಶ್ಯ.

ತಡೆ ತಗಡು: ಚಿಮಣಿಯ ಬುಡದಲ್ಲಿ ಒಳಗೆ ಹೊರಗೆ ಸರಿಸುವ ತಗಡು. ಉರಿ ಹತ್ತಿದ ಮೇಲೆ ಇದನ್ನು ಅರ್ಧ ತಳ್ಳಿದರೆ ಶಾಖ ವೃಥಾ ಮೇಲೇರುವುದು ಕಡಿಮೆಯಾಗುತ್ತದೆ. ಈ ತಗಡಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತನ್ನು ಕಡ್ಡಾಯವಾಗಿ ಬಿಡಬೇಕು. ಕಾರಣವನ್ನು ಮುಂದೆ ಹೇಳಿದೆ.

ಕಟ್ಟುವ ಕ್ರಮ

ಒಲೆಯ ಬಾಯಿ ಬಚ್ಚಲಿನ ಒಳಗೆ ಇರುವುದಕ್ಕಿಂತ ಹೊರಗೋಡೆಯ ಕಡೆ ಇರುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ನೀರು ತುಂಬಿದ ಹಂಡೆಯ ತೂಕ ನೂರು ಕಿಲೋ ದಾಟುವುದರಿಂದ ಅಡಿಪಾಯ ಗಟ್ಟಿಯಿರಬೇಕು. ಹಂಡೆ ಮೂರು ಗಟ್ಟಿ ಆಧಾರಗಳ ಮೇಲೆ ಕೂರಲಿ.

ಒಳಗೋಡೆಗೆ ಸುಟ್ಟ ಇಟ್ಟಿಗೆ, ಹೊರಗೋಡೆಗೆ ಜಂಬಿಟ್ಟಿಗೆ ಅಥವಾ ಕಲ್ಲು ಬಳಸಬಹುದು. ಬೆಂಕಿ ತಾಗುವ ಕಡೆ ಸಿಮೆಂಟ್ ಗಾರೆ ಹಾಕಬಾರದು. ಅದು ಕಾದು ಬಿರಿಯುತ್ತದೆ. ಜೇಡಿಮಣ್ಣು, ಮರಳು ಮತ್ತು ಭತ್ತದ ಹೊಟ್ಟು ಬೆರೆಸಿ ಎರಡು ಮೂರು ದಿನ ಕೊಳೆಸಿದ ಕೆಸರು ಉತ್ತಮ. ಎರಡು ಗೋಡೆಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಅಲ್ಲಿ ಒಣ ಬೂದಿ ತುಂಬಿದರೆ ಶಾಖ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಚಿಮಣಿ ಮಾಡನ್ನು ದಾಟುವ ಕಡೆ ರೀಪು, ಪಕಾಸು, ಸೋಗೆ ಯಾವುದೂ 30 ಸೆಂ.ಮೀ. ಒಳಗೆ ಇರಬಾರದು. ಕಟ್ಟಿದ ಮೇಲೆ ಎಂಟು ಹತ್ತು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಅನಂತರ ಎರಡು ದಿನ ಸಣ್ಣ ಉರಿ ಮಾತ್ರ ಹಾಕಬೇಕು. ಖಾಲಿ ಹಂಡೆಗೆ ಎಂದೂ ಉರಿ ಹಾಕಬಾರದು.

ಅಡಿಕೆ ಒಲೆಗೆ ವಿಶೇಷ ಸೂಚನೆಗಳು

ಅಡಿಕೆ ಬೇಯಿಸುವ ಒಲೆಗೂ ಇದೇ ತತ್ವಗಳು ಅನ್ವಯಿಸುತ್ತವೆ. ಗಂಟೆಗೆ 15 ಕಿಲೋ ಸೌದೆ ಉರಿಯುವ ಒಲೆಗೆ ಜಾಲರಿ 35 ಸೆಂ.ಮೀ. ಚೌಕವೂ ಚಿಮಣಿ 20 ಸೆಂ.ಮೀ. ಅಗಲವೂ ಇರಬೇಕು. ಉರಿಗೂಡಿಗೆ ಬೆಂಕಿ ಇಟ್ಟಿಗೆ ಹಾಕಿದರೆ ಹೆಚ್ಚು ಬಾಳಿಕೆ ಬರುತ್ತದೆ.

ಈ ಒಲೆಯಿಂದ ಹೊರಡುವ ಬಿಸಿ ಗಾಳಿಯಲ್ಲಿ ಸಾಕಷ್ಟು ಶಾಖ ಉಳಿದಿರುತ್ತದೆ. ಚಿಮಣಿಗೆ ಮೊದಲು ಎರಡನೆಯ ಹಂಡೆಯೊಂದನ್ನು ಕೂರಿಸಿದರೆ ಮುಂದಿನ ಸಲಕ್ಕೆ ಬೇಕಾದ ನೀರು ಬಿಟ್ಟಿಯಾಗಿ ಕಾಯುತ್ತದೆ. ಇನ್ನೊಂದು ಮಾತು: ನೀರು ಕುದಿಯಲು ಆರಂಭಿಸಿದ ಮೇಲೆ ಉರಿ ಹೆಚ್ಚಿಸಿದರೆ ಅಡಿಕೆ ಬೇಗ ಬೇಯುವುದಿಲ್ಲ. ನೀರಿನ ಉಷ್ಣತೆ ಕುದಿಯುವ ಮಟ್ಟಕ್ಕಿಂತ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹಾರಿಹೋಗುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಿ, ಹಂಡೆಗೆ ಮುಚ್ಚಳ ಹಾಕುವುದು ಸೂಕ್ತ. ಚೊಗರು ಇಂಗಿಸುವಾಗ ಮಾತ್ರ ಮುಚ್ಚಳ ತೆಗೆಯಬೇಕು.

ಸುಡತಕ್ಕದ್ದು ಯಾವುದು, ಮಣ್ಣಿಗೆ ಸೇರತಕ್ಕದ್ದು ಯಾವುದು?

ಒಳ್ಳೆಯ ಒಲೆ ಬಂದೊಡನೆ ಕಂಡದ್ದನ್ನೆಲ್ಲ ಸುಡುವ ಆಸೆ ಹುಟ್ಟುವುದುಂಟು. ಇಲ್ಲಿ ವಿವೇಚನೆ ಅಗತ್ಯ. ಸುಟ್ಟಾಗ ಸಸ್ಯದಲ್ಲಿರುವ ಸಾರಜನಕವೂ ಮಣ್ಣಿಗೆ ಬೇಕಾದ ಸಾವಯವ ಅಂಶವೂ ಸಂಪೂರ್ಣ ನಷ್ಟವಾಗುತ್ತವೆ. ಆದ್ದರಿಂದ ಸೊಪ್ಪು, ದರಗು, ಸಗಣಿ, ಅಡಿಕೆ ಸೋಗೆ ಇವು ಒಲೆಗಲ್ಲ. ಸಗಣಿ ಗೋಬರ್ ಗ್ಯಾಸ್ ಘಟಕಕ್ಕೆ ಹೋಗಿ ಬಗ್ಗಡವಾಗಿ ತೋಟಕ್ಕೆ ಬರಲಿ. ಸೋಗೆಯಿಂದ ಎರೆಗೊಬ್ಬರ ಮಾಡಬಹುದು.

ಒಲೆಗೆ ಯೋಗ್ಯವಾದುದು ಅಡಿಕೆ ಸಿಪ್ಪೆ. ಹಸಿ ಅಡಿಕೆಕಾಯಿಯ ತೂಕದಲ್ಲಿ ಶೇಕಡ 60ರಿಂದ 80ರಷ್ಟು ಸಿಪ್ಪೆಯೇ. ಅದು ಬೇಗ ಕೊಳೆಯುವುದಿಲ್ಲ. ಅನೇಕ ಕಡೆ ಅದನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತಾರೆ. ದಾರಿಹೋಕರಿಗೆ ಹೊಗೆ, ಊರಿಗೆ ತೊಂದರೆ. ಅದೇ ಸಿಪ್ಪೆಯನ್ನು ಅಂಗಳದಲ್ಲಿ ತೆಳ್ಳಗೆ ಹರಡಿ ಒಣಗಿಸಿ ಮಾಡಿನೊಳಗೆ ಇಟ್ಟರೆ ಮುಂದಿನ ಸುಗ್ಗಿಯ ಸೌದೆಯಲ್ಲಿ ಒಂದು ಭಾಗ ಉಳಿಯುತ್ತದೆ. ಸಿಪ್ಪೆ ಹಗುರವಾದುದರಿಂದ ಒಮ್ಮೆಗೇ ತುಂಬದೆ, ಸೌದೆಯ ಕೆಂಡದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ತೆಂಗಿನ ಮಟ್ಟೆ, ಚಿಪ್ಪುಗಳಿಗೂ ಇದೇ ಕ್ರಮ.

ಒಲೆಯ ಬೂದಿಯಲ್ಲಿ ಸುಣ್ಣ ಮತ್ತು ಪೊಟ್ಯಾಷ್ ಇರುವುದರಿಂದ ಮಲೆನಾಡಿನ ಹುಳಿ ಮಣ್ಣಿಗೆ ಅದು ಹಿತಕರ. ಮರದ ಬುಡದಲ್ಲಿ ಗುಡ್ಡೆ ಹಾಕದೆ ತೆಳುವಾಗಿ ಎರಚಬೇಕು. ಹಸಿ ಸಗಣಿ, ಗಂಜಲ ಅಥವಾ ಅಮೋನಿಯಂ ಗೊಬ್ಬರಗಳೊಡನೆ ಬೆರೆಸಬಾರದು. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಎಚ್ಚರಿಕೆ ಮತ್ತು ಆರೈಕೆ

ಕೆಂಡಕ್ಕೆ ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಇದು ತುಂಬಿದರೆ ತಲೆನೋವು, ತಲೆಸುತ್ತು ಬಂದು ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಅಪಾಯವಾಗುತ್ತದೆ. ತಡೆ ತಗಡಿನಲ್ಲಿ ತೂತು ಬಿಡಲು ಹೇಳಿದ್ದು ಇದಕ್ಕಾಗಿಯೇ. ಹೊಗೆ ಕಾಣದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ಬಚ್ಚಲಿನ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಸದಾ ತೆರೆದಿರುವ ಗಾಳಿಕಂಡಿ ಇರಲೇಬೇಕು. ಸ್ನಾನ ಮಾಡುತ್ತಿರುವಾಗ ತಲೆಸುತ್ತು ಬಂದರೆ ತಡಮಾಡದೆ ಹೊರಗೆ ಬರಬೇಕು. ಕೆಂಡದ ಬಾಣಲೆಯನ್ನು ಮಲಗುವ ಕೋಣೆಯಲ್ಲಿ ಎಂದೂ ಇಡಬಾರದು.

ಬೂದಿಯನ್ನು ದಿನವೂ, ಹಂಡೆಯ ತಳದ ಮಸಿಯನ್ನು ಹದಿನೈದು ದಿನಕ್ಕೊಮ್ಮೆ, ಚಿಮಣಿಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಮಸಿಯ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಚಿಮಣಿಯಲ್ಲಿ ಕೂಡಿದ ಮಸಿಗೆ ಬೆಂಕಿ ಹತ್ತಿದರೆ ಮಾಡಿಗೇ ಅಪಾಯ. ಉದ್ದ ಬಿದಿರಿನ ತುದಿಗೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿಂದ ಇಳಿಸಿ ಎಳೆದರೆ ಚಿಮಣಿ ಶುದ್ಧವಾಗುತ್ತದೆ. ಬಿರುಕುಗಳನ್ನು ಕಂಡಾಗಲೇ ಕೆಸರಿನಿಂದ ಮುಚ್ಚಬೇಕು.

ಹೊಸ ಒಲೆ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಉರಿ ಹತ್ತಿದ ಹತ್ತು ನಿಮಿಷದ ಮೇಲೆ ಚಿಮಣಿಯ ತುದಿಯಲ್ಲಿ ಕಪ್ಪು ಅಥವಾ ಹಳದಿ ಹೊಗೆ ಕಾಣಬಾರದು. ಒಲೆ ಒಣಗಿ ಹದಕ್ಕೆ ಬಂದ ಒಂದು ತಿಂಗಳ ನಂತರ ಮೇಲೆ ಹೇಳಿದ ತೂಕದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಬಚ್ಚಲ ಗೋಡೆಯ ಮೇಲೆಯೇ ಬರೆದಿಡಬೇಕು. ವರ್ಷಕ್ಕೊಮ್ಮೆ, ಸುಗ್ಗಿಗೆ ಮುಂಚೆ, ಅದೇ ಪರೀಕ್ಷೆ ಮಾಡಿದಾಗ ಅಂಕಿ ಇಳಿದಿದ್ದರೆ ಮೊದಲು ಸೌದೆಯ ರಾಶಿಯನ್ನು, ಅನಂತರ ಚಿಮಣಿಯನ್ನು, ಆ ಮೇಲೆ ಹಂಡೆಯ ಸುತ್ತಿನ ಸಂದನ್ನು ನೋಡಬೇಕು. ಬಹುಪಾಲು ದೋಷಗಳು ಈ ಮೂರರಲ್ಲೇ ಸಿಗುತ್ತವೆ. ಬೆಟ್ಟದ ಮರಕ್ಕೆ ಕತ್ತಿ ಹಾಕುವ ಮುನ್ನ ಈ ಮೂರನ್ನು ಸರಿಪಡಿಸುವುದು ರೈತನ ಕೈಯಲ್ಲೇ ಇದೆ.